ಸೊನ್ನೆ ಕಾರಿಗೂ ಮುಂಚೆ

ಶನಿವಾರ ಸಂಜೆಯೇ ಊರಿಗೆ ಪೆಟ್ರೋಲಿನ ನೆಗಡಿ.
ಐ.ಜಿ. ರಸ್ತೆಯ ಲಾಡ್ಜುಗಳಲ್ಲಿ ಕೊಯಮತ್ತೂರಿನ ಮೆಕ್ಯಾನಿಕ್ಕುಗಳು
ಬಕೆಟ್ಟು ಬಿಸಿನೀರಿಗೆ ಸರತಿ ನಿಂತಿದ್ದಾರೆ.
ಮೈದಾನದಲ್ಲಿ ಕಾರುಗಳು ಬಾನೆಟ್ಟು ತೆರೆದು
ತಪಾಸಣೆಯವರಿಗೆ ಹಲ್ಲು ತೋರಿಸುತ್ತಿವೆ
ಸಂತೆಗೆ ಬಂದ ಎತ್ತುಗಳ ಹಾಗೆ.

ನಾನು ಲೋಕೋಪಯೋಗಿ ಕಚೇರಿಯ ಗುಮಾಸ್ತೆ.
ವರ್ಷಕ್ಕೊಂದು ಭಾನುವಾರ ಕೊರಳಿಗೆ ಗಡಿಯಾರ,
ತಲೆಗೆ ಹಳದಿ ಟೊಪ್ಪಿ. ಹುಡುಗರಿಗೆ ನಾನು ಟೈಮಕ್ಕ.
ಹನ್ನೊಂದು ವರ್ಷದಿಂದ
ಕಾರು ಓಡುವುದನ್ನು ನೋಡಿದ್ದೇ ಇಲ್ಲ,
ಗೆರೆ ದಾಟುವುದನ್ನಷ್ಟೇ.

ಕೆಲವು ಪದ್ಧತಿಗಳಿವೆ, ಯಾವ ನಿಯಮಪುಸ್ತಕದಲ್ಲೂ ಇಲ್ಲ.
ಗಾಲಿಗೆ ನಿಂಬೆಹಣ್ಣು ಪಂಕ್ಚರ್ ಅಂಗಡಿಯ
ಗುರುಪಾದಪ್ಪನ ಬುಟ್ಟಿಯಿಂದಲೇ ಬರಬೇಕು;
ಬೆಂಗಳೂರಿನ ಚಾಂಪಿಯನ್ನನೂ ಗಾಜಿಳಿಸಿ ಕೇಳುತ್ತಾನೆ,
'ಅಜ್ಜ ಬಂದ್ರಾ?'
ಹೋದ ವರ್ಷ ಗೆದ್ದವನು ಮಾರ್ಷಲ್ಲುಗಳಿಗೆ
ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಡಿಸಬೇಕು.
ಈ ಸಲ ಕೂದಲೆಳೆಯಲ್ಲಿ ಸೋತವನು, ಕಾಫಿ.
(ಸೋತವನ ಕಾಫಿಗೇ ಸಕ್ಕರೆ ಜಾಸ್ತಿ.)

ಮತ್ತೆ, ದೊಡ್ಡ ಕಾರುಗಳು ಬರುವ ಮುಂಚೆ,
ಸೊನ್ನೆ ಕಾರು ಸೈರನ್ ಕೂಗಿ ದಾರಿ ಬಿಡಿಸುವುದಕ್ಕೂ ಮುಂಚೆ,
ಮಲ್ಲಂದೂರು ಕಡೆಯ ತೋಟದ ಮಣ್ಣುರಸ್ತೆಯಲ್ಲಿ
ನಮ್ಮೂರ ಜೀಪುಗಳಿಗೆ ಒಂದು ಓಟ.
ಏಳು ಕಿಲೋಮೀಟರು. ಬಹುಮಾನ ಎರಡು ಟೈರು, ಒಂದು ಕುಕ್ಕರು.
ಪತ್ರಿಕೆಯವರು ಆ ಹೊತ್ತಿಗಿನ್ನೂ ಎದ್ದಿರುವುದಿಲ್ಲ.

ಹನ್ನೆರಡು ಜೀಪು. ಗೊಬ್ಬರ ಹೊರುವುದು, ಹಾಲು ಹೊರುವುದು,
ಗಿರಿಗೆ ಪ್ರವಾಸಿಗರನ್ನು ಹೊತ್ತು ಬೆನ್ನುಮೂಳೆ ಸವೆದದ್ದು.
ಒಂಬತ್ತನೆಯದು ಮೊಯ್ದಿನಬ್ಬರದು: ಬಾಗಿಲಿಗೆ ಹಗ್ಗ,
ಹಿಂದೆ ಅರ್ಧ ಅಳಿಸಿದ 'ಶಾಲಾ ವಾಹನ'.
ಪಕ್ಕದ ಸೀಟಿನಲ್ಲಿ ಬಿಸಿಯೂಟದ ಸೆಲ್ವಿ,
ತಲೆಗೆ ಎರವಲು ಹೆಲ್ಮೆಟ್ಟು, ಕೈಯಲ್ಲಿ ಮಗ್ಗಿ ಪುಸ್ತಕ.
ಅದರ ಖಾಲಿ ಹಾಳೆಗಳಲ್ಲಿ ದಾರಿ ಬರೆದುಕೊಂಡಿದ್ದಾಳೆ.

ದೊಡ್ಡವರ ದಾರಿಪಟ್ಟಿ: ಎಡ ಮೂರು, ಬಲ ಐದು, ದಿಬ್ಬ.
ಸೆಲ್ವಿಯದು:
'ಮುರಿದ ಪಂಪುಮನೆ, ಎಡಕ್ಕೆ.
ಕಣದ ವಾಸನೆ ಬಂದರೆ ಬಲಕ್ಕೆ.
ನಾಯಿ ಇರುತ್ತೆ, ಕಂದು ಬಣ್ಣದ್ದು, ತಾನೇ ಏಳುತ್ತೆ.
ಸಿಲ್ವರ್ ಮರ ಏಳು ಎಣಿಸಿ, ಆಮೇಲೆ ಹಳ್ಳ.
ಇಲ್ಲಿ ನನಗೆ ವಾಂತಿ ಬರುತ್ತೆ, ಮಾತಾಡಿಸಬೇಡಿ.'

ಅಜ್ಜ ನಾಲ್ಕು ನಿಂಬೆ ಕೊಟ್ಟ. ಮೊಯ್ದಿನಬ್ಬ
ಮೂರನ್ನು ಗಾಲಿಗಿಟ್ಟು ಒಂದನ್ನು ಜೇಬಿಗಿಳಿಸಿದರು:
'ಗೆದ್ದರೆ ಶರಬತ್ತು, ಸೋತರೆ ಉಪ್ಪಿನಕಾಯಿ.'

ಗೆರೆಯ ಬಳಿ ನಾನು. ಅಲ್ಲಿ
ದೂಳು ಮೊದಲು ಕೇಳಿಸುತ್ತದೆ, ಸದ್ದು ಆಮೇಲೆ ಕಾಣಿಸುತ್ತದೆ.
ವಾಕಿಟಾಕಿಯಲ್ಲಿ ನಡುದಾರಿಯ ಹುಡುಗ:
'ಒಂಬತ್ತು ಮುಂದಿದೆ ಅಕ್ಕಾ, ಆರು ಸೆಕೆಂಡು!'
ಆರು ಸೆಕೆಂಡು ಎಷ್ಟು ದೊಡ್ಡದೆಂದು
ಗಡಿಯಾರ ಕಟ್ಟಿಕೊಂಡವರನ್ನು ಕೇಳಬೇಕು.
ಅದರೊಳಗೆ ಒಂದು ಕುಕ್ಕರು ಆರಾಮಾಗಿ ಕೂಗುತ್ತದೆ.

ಆಮೇಲೆ, ಲೈನುಮನೆಗಳ ತಿರುವಿನಲ್ಲಿ,
ಎಂಜಿನ್ ಥಟ್ಟನೆ ದನಿ ತಗ್ಗಿಸಿತು.
ಪೋಂ. ಪೋಂ. ಪೋಂ.
ಮೂರು ಸಲ, ದಿನಾ ಬೆಳಿಗ್ಗೆ ಎಂಟೂ ಹತ್ತಕ್ಕೆ ಹೊಡೆವಂತೆ.
ಭಾನುವಾರ. ಬ್ಯಾಗು ಹಿಡಿದು ಯಾರೂ ಬರಲಿಲ್ಲ.
ಒಬ್ಬಳು ಮಾತ್ರ, ಹಲ್ಲುಜ್ಜುತ್ತಿದ್ದವಳು,
ಬಾಯಲ್ಲಿ ನೊರೆಯೊಂದಿಗೇ ನಾಲ್ಕು ಹೆಜ್ಜೆ ಓಡಿದಳಂತೆ.

ಒಂಬತ್ತು ನಿಮಿಷ ಹದಿನಾಲ್ಕು, ನಾನು ಬರೆದೆ.
ಹಾಲಿನ ಜೀಪು, ಒಂಬತ್ತು ಹನ್ನೆರಡು.
ಸೆಲ್ವಿ ಇಳಿದವಳೇ ನನ್ನ ಹಾಳೆ ಇಣುಕಿ
ಮೊಯ್ದಿನಬ್ಬರ ಭುಜಕ್ಕೆ ಮಗ್ಗಿಯಲ್ಲೇ ಬಾರಿಸಿದಳು:
'ಓದಿದೆನಲ್ಲ! ಇಲ್ನೋಡಿ, ದಪ್ಪಕ್ಷರದಲ್ಲಿ,
ಇವತ್ತು ರಜೆ, ನಿಲ್ಲಿಸಬೇಡಿ!'
'ನಿಂಗೆ ಗೊತ್ತು, ನಂಗೂ ಗೊತ್ತು,' ಅಂದರು ಅವರು
ಬಲಗಾಲಿನ ಕಡೆ ನೋಡುತ್ತಾ.

ಸೊನ್ನೆ ಕಾರು ಕೂಗುತ್ತ ಬಂತು. ಹಿಂದೆ ದೊಡ್ಡವರು,
ಅದೇ ಏಳು ಕಿಲೋಮೀಟರಿಗೆ ಐದೂವರೆ ನಿಮಿಷ.
ಕಂದು ನಾಯಿಯನ್ನು ಯಾರೋ ಮೊದಲೇ ಕಟ್ಟಿಹಾಕಿದ್ದರು.
ಎಲ್ಲ ಬರೆದೆ, ದಶಾಂಶದವರೆಗೂ.
ಯಾರು ಗೆದ್ದರೋ, ಹಾಳೆ ನೋಡಿ ಹೇಳಬೇಕು.

ಸಂಜೆ ಹದಿನೇಳು ಲೋಟ ಕಾಫಿ, ಸಕ್ಕರೆ ಜಾಸ್ತಿ.
ಜೇಬಿನಿಂದ ಬಾಡಿದ ನಿಂಬೆ ತೆಗೆದು ಮೊಯ್ದಿನಬ್ಬ ಕೇಳಿದರು:
'ಒಂದೇ ಒಂದರಲ್ಲಿ ಉಪ್ಪಿನಕಾಯಿ ಆಗುತ್ತಾ, ಟೈಮಕ್ಕ?'
ನನ್ನ ಕೊರಳಲ್ಲಿ ಗಡಿಯಾರ ಇನ್ನೂ ಓಡುತ್ತಿತ್ತು,
ಒತ್ತುವುದನ್ನೇ ಮರೆತಿದ್ದೆ.